ಎರಡು ಗಂಟು, ನಡುವೆ ಕತ್ತರಿ

ಮೀನಿನ ಕರುಳಿನ ವಾಸನೆ, ಅದರ ಮೇಲೆ ನಿಂಬೆಸಿಪ್ಪೆಯ ವಾಸನೆ. ಗಂಟಕ್ಕನಿಗೆ ಬಾಲ್ಯವೆಂದರೆ ಇದು. ಅವಳ ಅಮ್ಮ ಬಂದರಿನ ಶೆಡ್ಡಿನಲ್ಲಿ ಮೀನು ಸೀಳುತ್ತಿದ್ದಳು. ಸಂಜೆ ಮನೆಗೆ ಬಂದವಳೇ ಹಿತ್ತಲ ಕಲ್ಲಿನ ಮೇಲೆ ಕೂತು, ಹಿಂಡಿ ಬಿಟ್ಟ ನಿಂಬೆಹೋಳಿನಿಂದ ಒಂದೊಂದೇ ಬೆರಳು ಉಜ್ಜಿಕೊಂಡು, ಆಮೇಲೇ ಮಗಳನ್ನು ಮುಟ್ಟುತ್ತಿದ್ದಳು. ವಾಸನೆ ಹೋಗುತ್ತಿರಲಿಲ್ಲ, ನಿಂಬೆಯ ಜೊತೆ ರಾಜಿ ಮಾಡಿಕೊಂಡು ಅಲ್ಲೇ ಉಳಿಯುತ್ತಿತ್ತು. ಶಾಲೆಯಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರೆ ಯಾಕೆಂದು ಹುಡುಗಿಗೆ ತಿಳಿಯುತ್ತಿರಲಿಲ್ಲ. ಕತ್ತಲೆಯಲ್ಲಿ ಆ ವಾಸನೆ ಹತ್ತಿರ ಬಂದರೆ ಅವಳಿಗೆ ನಿದ್ದೆ ಹತ್ತುತ್ತಿತ್ತು.

ಐವತ್ತು ದಾಟಿದ ಆ ಹುಡುಗಿ ಈಗ ಬೆಳಕು ಹರಿಯುವ ಹೊತ್ತಿನಲ್ಲಿ ಕಡಲದಂಡೆಯ ಮೇಲೆ ನಡೆಯುತ್ತಿದ್ದಾಳೆ. ಮೈತುಂಬ ಬಿಳಿಯ ಪ್ಲಾಸ್ಟಿಕ್ ಅಂಗಿ, ಮೊಣಕಾಲು ಮುಟ್ಟುವ ರಬ್ಬರ್ ಬೂಟು, ಕೊರಳಿಗೆ ಜೋತುಬಿದ್ದ ಮಾಸ್ಕು. ದೂರದಿಂದ ನೋಡಿದರೆ ಏನೋ ಬೀಳಿಸಿಕೊಂಡವಳಂತೆ ಕಾಣುತ್ತಾಳೆ, ಅಷ್ಟು ನಿಧಾನ. ಅವಳು ಹುಡುಕುತ್ತಿರುವುದು ಹೆಣ. ಸಿಗದಿರಲಪ್ಪಾ ಎಂದುಕೊಂಡೇ ಹುಡುಕುತ್ತಾಳೆ. ಒಂಬತ್ತು ಬೆಳಗು ಮರಳು ಬರಿದಾಗಿಯೇ ಇತ್ತು. ಇದೊಂದು ದಾಟಿದರೆ ನಾಳೆ ಮನೆ. ಬಂಡೆಯ ತಿರುವು ದಾಟುತ್ತಲೇ ಅವಳ ಕಾಲು ನಿಲ್ಲುತ್ತದೆ. ನೀರಿನಂಚಿನಲ್ಲಿ, ಒದ್ದೆ ಗೋಣಿಚೀಲ ಎಸೆದಂತೆ, ಒಂದು ಸೀಲ್ ಬಿದ್ದಿದೆ.

ಸೀಲ್ ಎಂದರೆ ಮೀನಿನಂತೆ ಈಜಿ ನಾಯಿಯಂತೆ ನೋಡುವ ಕಡಲಪ್ರಾಣಿ. ಇಲ್ಲಿಯವರ ಬಾಯಲ್ಲಿ ಕಡಲನಾಯಿ. ಹಕ್ಕಿಗಳಿಂದ ಬಂದ ಜ್ವರದ ವೈರಸ್ಸು ಹೋದ ವರ್ಷ ಇವುಗಳಿಗೆ ತಗುಲಿತು. ಕೆಮ್ಮುತ್ತಾ, ನಡುಗುತ್ತಾ ದಂಡೆಗೆ ತೆವಳಿ ಬಂದು ಸಾಯತೊಡಗಿದವು. ಈ ದಂಡೆಯೊಂದರಲ್ಲೇ ನಾನೂರಕ್ಕೂ ಹೆಚ್ಚು. ಸತ್ತದ್ದನ್ನು ಸೀಳಿ, ಮೂಗು, ಶ್ವಾಸಕೋಶ, ಮಿದುಳು, ಕೊನೆಗೆ ಕರುಳು, ಹೀಗೆ ಒಂದೊಂದರಿಂದಲೂ ಚೂರು ತೆಗೆದು ಸೀಸೆಗೆ ಹಾಕಿ, ಉಳಿದದ್ದನ್ನು ಸುಣ್ಣ ಚೆಲ್ಲಿ ಹೂಳುವುದು ಗಂಟಕ್ಕನ ಕೆಲಸ. ಪತ್ರಿಕೆಗಳಲ್ಲಿ ಬಂದ ಚಿತ್ರಗಳಲ್ಲಿ ಸೀಲ್‌ಗಳಿವೆ, ವಿಜ್ಞಾನಿಗಳಿದ್ದಾರೆ. ಒಂದೇ ಒಂದರಲ್ಲಿ, ಅಂಚಿನಲ್ಲಿ, ಬಕೆಟ್ಟು ಹಿಡಿದ ಒಂದು ಕೈಗವಸು ಕಾಣುತ್ತದೆ. ಅದು ಇವಳದು.

ಗಂಟಕ್ಕ ಎಂಬುದು ಹೆತ್ತವರಿಟ್ಟ ಹೆಸರಲ್ಲ, ದಂಡೆಯ ಸಂಶೋಧನಾ ಕೇಂದ್ರದವರು ಇಟ್ಟದ್ದು. ಕರುಳನ್ನು ಕತ್ತರಿಸುವ ಮುನ್ನ ಬೆರಳಗಲದ ಅಂತರದಲ್ಲಿ ದಾರದಿಂದ ಎರಡು ಗಂಟು ಬಿಗಿದು, ನಡುವೆ ಕತ್ತರಿ ಹಾಕಬೇಕು. ಒಳಗಿನದು ಸೋರಬಾರದು, ಹೊರಗಿನದು ಸೇರಬಾರದು. ಅವಳ ಗಂಟು ಇದುವರೆಗೆ ಜಾರಿದ್ದಿಲ್ಲ. "ಬಲೆ ಹೆಣೆದ ಕೈ ಇದು. ಜಾರಿದ್ರೆ ನಮ್ಮಮ್ಮ ಮೇಲಿಂದ ಇಳಿದು ಬಂದು ಕಿವಿ ಹಿಂಡ್ತಾಳೆ" ಎನ್ನುತ್ತಾಳೆ.

ಅಮ್ಮನ ಶೆಡ್ಡಿನಿಂದಲೇ ಈ ಕೆಲಸಕ್ಕೆ ಬಂದವಳು, ಹಾಗೆಂದು ಎಡವದೆ ಕಲಿತವಳಲ್ಲ. ಮೊದಲ ದಿನದ ಕಥೆಯನ್ನು ಕೇಂದ್ರದ ಡಾಕ್ಟರಮ್ಮ ಇನ್ನೂ ಹೇಳಿಕೊಂಡು ನಗುತ್ತಾರೆ. "ಕರುಳು ತೆಗೆದಿಡಿ ಅಂತ ಹೇಳಿ ಫೋನಿಗೆ ಹೋದೆ. ಬರೋಷ್ಟರಲ್ಲಿ ಇವರು ಅದನ್ನ ಒಳಹೊರಗು ಮಾಡಿ, ಉಪ್ಪು ಹಾಕಿ ತಿಕ್ಕಿ, ಹಾಲಿನ ಹಾಗೆ ಬೆಳ್ಳಗೆ ತೊಳೆದಿಟ್ಟಿದ್ದಾರೆ. 'ನೋಡಿ ಡಾಕ್ಟರಮ್ಮ, ಒಂದು ಕಲೆ ಇಲ್ಲ' ಅಂತ ಬೇರೆ! ನನಗೆ ಬೇಕಾಗಿದ್ದೇ ಆ ಕಲೆ."

"ನನಗೇನು ಕನಸು ಬಿದ್ದಿತ್ತಾ?" ಎಂದು ಗಂಟಕ್ಕ ಸಿಡುಕುತ್ತಾಳೆ. "ನಮ್ಮ ಶೆಡ್ಡಲ್ಲಿ ತೊಳೀದೆ ಕೊಟ್ಟಿದ್ರೆ ಮೇಸ್ತ್ರಿ ಮುಖಕ್ಕೆ ಎಸೀತಿದ್ದ. ಹೊಲಸನ್ನ ಜೋಪಾನ ಮಾಡೋಕೂ ಸಂಬಳ ಕೊಡ್ತಾರೆ ಅಂತ ಆವತ್ತೇ ಗೊತ್ತಾಗಿದ್ದು."

ಆ ಹೊಲಸಿನಲ್ಲಿ ಏನಿದೆ? ಡಾಕ್ಟರಮ್ಮ ಅವಳಿಗೆ ಬಿಡಿಸಿ ಹೇಳಿದ್ದು ಹೀಗೆ: ವೈರಸ್ಸು ಮನೆಗೆ ನುಗ್ಗಿದ ಕಳ್ಳ. ಕರುಳಿನ ಬ್ಯಾಕ್ಟೀರಿಯಾಗಳು ಆ ಮನೆಯಲ್ಲೇ ಹುಟ್ಟಿ ಬೆಳೆದ ಮಂದಿ. ಕಳ್ಳ ನುಗ್ಗಿದಾಗ ಮನೆಮಂದಿ ಎದ್ದು ನಿಂತರೋ, ದಿಕ್ಕಾಪಾಲಾದರೋ, ಇಲ್ಲ ಒಬ್ಬರಿಗೊಬ್ಬರು ಹೊಡೆದಾಡಿಕೊಂಡರೋ ತಿಳಿಯಬೇಕು. ಸತ್ತ ನೂರಾರು ಮನೆಗಳ ಸಾಕ್ಷಿ ಸೀಸೆಗಳಲ್ಲಿ ಹೆಪ್ಪುಗಟ್ಟಿ ಕೂತಿದೆ. ಜ್ವರ ಬಂದೂ ಬದುಕಿದ ಒಂದೇ ಒಂದು ಮನೆಯ ಸಾಕ್ಷಿ ಈವರೆಗೆ ಸಿಕ್ಕಿಲ್ಲ.

ಈ ಕಳ್ಳ ಗಂಟಕ್ಕನ ಮನೆಗೂ ಬಂದು ಹೋಗಿದ್ದಾನೆ. ಅವಳ ಗಂಡ ಇದೇ ದಂಡೆಯಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ, ಹೆಣ ಸಾಗಿಸುವ ಕೆಲಸ. ಬಾಯಿ ತೆರೆದರೆ ತಮಾಷೆ. "ಹೆಂಡತಿ ಕೊಯ್ತಾಳೆ, ನಾನು ಹೊರ್ತೀನಿ, ಊರಲ್ಲಿ ಇಂಥ ಜೋಡಿ ಇನ್ನೊಂದಿಲ್ಲ" ಎನ್ನುತ್ತಿದ್ದನಂತೆ. ಹೋದ ವರ್ಷ ಒಂದು ಮಧ್ಯಾಹ್ನ ಕನ್ನಡಕಕ್ಕೆ ಮಂಜು ಕವಿಯಿತೆಂದು ತೆಗೆದ. ಎತ್ತುತ್ತಿದ್ದ ಸೀಲ್‌ನ ಮೂಗಿನಿಂದ ಚಿಮ್ಮಿದ್ದು ಕಣ್ಣಿಗೆ ಬಿತ್ತು. ತೋಳಿನಿಂದ ಒರೆಸಿಕೊಂಡು ಕೆಲಸ ಮುಗಿಸಿದ. ಮೂರನೆಯ ವಾರ ಆಸ್ಪತ್ರೆಯ ಗಾಜಿನಾಚೆಗೆ ಅವನ ಮುಖ ಮುಚ್ಚಿದರು. ಹೆಂಡತಿಗೆ ಮುಟ್ಟಲು ಬಿಡಲಿಲ್ಲ.

ಆಮೇಲೆ ಬಂದದ್ದೇ ಹತ್ತು ದಿನದ ನಿಯಮ. ಸತ್ತ ಸೀಲ್ ಮುಟ್ಟಿದವರು ಹತ್ತು ದಿನ, ದಂಡೆಯ ಕೆಲಸ ಬಿಟ್ಟರೆ, ಕೇಂದ್ರದ ಹಿಂದಿನ ಕೋಣೆಯಲ್ಲೇ ಇರಬೇಕು. ನಡುವೆ ಇನ್ನೊಂದು ಹೆಣ ಬಂದರೆ ಎಣಿಕೆ ಮತ್ತೆ ಮೊದಲಿನಿಂದ. ಕೋಣೆಯಲ್ಲಿ ಕಬ್ಬಿಣದ ಮಂಚ, ಒಂದು ಸ್ಟೌ, ಕಡಲ ಕಡೆಗೊಂದು ಕಿಟಕಿ. ತರಿಸಿದ್ದ ನಿಂಬೆ ಎಂದೋ ಮುಗಿದಿದೆ. ಆಸ್ಪತ್ರೆಯ ಸೋಪೇ ಗತಿ. ಇಷ್ಟಾಗಿಯೂ ಕೆಲಸ ಯಾಕೆ ಬಿಡಲಿಲ್ಲ ಎಂದರೆ ಅವಳು ಸ್ವಲ್ಪ ಹೊತ್ತು ಚಾಕು ಒರೆಸುತ್ತಾಳೆ. "ಅವರನ್ನ ತಗೊಂಡು ಹೋಗಿದ್ದು ಕಣ್ಣಿಗೆ ಕಾಣೋ ಅಂಥದ್ದಲ್ಲ. ಇಲ್ಲಿ ಬಂದ್ರೆ ಅದರ ಹೆಜ್ಜೆ ಕಾಣುತ್ತೆ. ಇಲ್ಲಿ ನಡೀತು, ಇಲ್ಲಿ ಕೂತ್ಕೊಳ್ತು ಅಂತ. ಮನೇಲಿ ಕೂತ್ರೆ ಬರೀ ಗೋಡೆ."

ಮಗಳಿಗೆ ಈ ಮಾತು ರುಚಿಸುವುದಿಲ್ಲ. ಅಪ್ಪನನ್ನು ತಿಂದ ಕೆಲಸವನ್ನು ಅಮ್ಮ ಇನ್ನೂ ತಬ್ಬಿಕೊಂಡಿದ್ದಾಳೆ ಎಂಬ ಉರಿ ಅವಳಿಗೆ. ಚಿಕ್ಕಂದಿನಲ್ಲೂ ಅಷ್ಟೇ, ಅಮ್ಮನ ನಿಂಬೆಹೋಳು ಕಂಡಲ್ಲೆಲ್ಲ ಹಿತ್ತಲಿಗೆ ಎಸೆಯುತ್ತಿದ್ದಳು. "ನಿನ್ನ ನಿಂಬೆಯಿಂದಲೇ ನನಗೆ ಮೀನು ನೆನಪಾಗೋದು" ಎನ್ನುತ್ತಿದ್ದಳು. ಈಗ ಅವಳಿಗೆ ಚೊಚ್ಚಲ ಬಸಿರು. ಇವತ್ತೋ ನಾಳೆಯೋ ಎಂಬಂತಿದ್ದಾಳೆ. ಈ ಒಂಬತ್ತು ದಿನ ತಾಯಿಮಗಳು ಫೋನಿನಲ್ಲಿ ಜಗಳವಾಡಿಲ್ಲ. ನಾಳೆ ಬರುತ್ತೇನೆ ಎಂದು ಅಮ್ಮ ಮಾತು ಕೊಟ್ಟಿದ್ದಾಳೆ.

ಅಂಥ ಹತ್ತನೆಯ ಬೆಳಗ್ಗೆ ಈ ಸೀಲ್ ಬಿದ್ದಿದೆ.

ದಂಡೆಯ ಕಾವಲಿನ ತಾತ ಅಷ್ಟರಲ್ಲಿ ಹಿಂದೆ ಬಂದು ನಿಂತಿರುತ್ತಾನೆ. ದಿನವೂ ತನಗೆ ಹೆಚ್ಚಾಯಿತೆಂದು ಸುಳ್ಳು ಹೇಳಿ ಅರ್ಧ ಫ್ಲಾಸ್ಕು ಚಹಾ ಕಿಟಕಿಯಲ್ಲಿಟ್ಟು ಹೋಗುವ ಮುದುಕ. ಸೀಲ್ ನೋಡುತ್ತಾನೆ, ಗಂಟಕ್ಕನನ್ನು ನೋಡುತ್ತಾನೆ, ಆಮೇಲೆ ಆಕಾಶ ನೋಡುತ್ತಾನೆ.

"ನನಗೆ ಕಣ್ಣು ಮಂಜು ಕಣಮ್ಮ. ಈ ಕಡೆ ಏನೂ ಕಾಣಿಸ್ತಿಲ್ಲ. ಇನ್ನೇನು ಉಬ್ಬರ ಬರುತ್ತೆ, ತಾನೇ ಗುಡಿಸಿಕೊಂಡು ಹೋಗುತ್ತೆ."

"ಗುಡಿಸಿಕೊಂಡು ಹೋಗಿ ಎಲ್ಲಿ ಹಾಕುತ್ತೆ ತಾತ?"

"ಕಡಲು ದೊಡ್ಡದು."

"ಕಡಲು ದೊಡ್ಡದು, ಆದ್ರೆ ಹಾಕೋದು ಆಚೆ ದಂಡೇಲೇ. ಅಲ್ಲಿ ಮಕ್ಕಳು ಆಡ್ತಾವೆ. ಕಡ್ಡಿ ತಗೊಂಡು ಚುಚ್ತಾವೆ, ಮೂಗಿಗೆ ಬೆರಳು ಹಾಕ್ತಾವೆ."

ಅವಳು ನೀರಿನ ಕಡೆ ನೋಡುತ್ತಾ ನಿಲ್ಲುತ್ತಾಳೆ. ಅಲೆ ಸೀಲ್‌ನ ಬಾಲದವರೆಗೆ ಬಂದು ಒಮ್ಮೆ ಅಲುಗಿಸಿ ಹಿಂದೆ ಸರಿಯುತ್ತದೆ. ಗಂಟಕ್ಕ ಕೊರಳಿನ ಮಾಸ್ಕನ್ನು ಮೂಗಿಗೆ ಏರಿಸಿಕೊಳ್ಳುತ್ತಾಳೆ. "ದೂರ ಹೋಗಿ ತಾತ. ಡಾಕ್ಟರಮ್ಮನಿಗೆ ಹೇಳಿ, ಒಂದು ಬಂತು ಅಂತ."

ಕೊಯ್ಯುವ ಮುನ್ನ ಅವಳು ಒದ್ದೆ ಬಟ್ಟೆಯೊಂದನ್ನು ಸೀಲ್‌ನ ಕಣ್ಣಿನ ಮೇಲೆ ಹಾಕುತ್ತಾಳೆ. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಮೊದಲು ಎದೆ. ಶ್ವಾಸಕೋಶದ ಮೇಲೆ ಬಿಳಿಯ ಗೀರುಗಳು, ಮಾಗಿದ ಗಾಯದಂಥವು. ಡಾಕ್ಟರಮ್ಮ ಬಗ್ಗಿ ನೋಡುತ್ತಾ ನೋಡುತ್ತಾ ಉಸಿರು ಹಿಡಿಯುತ್ತಾರೆ. "ಗಂಟಕ್ಕ, ಇದಕ್ಕೆ ಜ್ವರ ಬಂದು ವಾಸಿಯಾಗಿದೆ ಅನ್ಸುತ್ತೆ. ಇದು ಗೆದ್ದಿತ್ತು."

ಗೆದ್ದದ್ದು ಸತ್ತದ್ದು ಯಾಕೆ ಎಂಬುದು ಕೊರಳಿಗೆ ಬಂದು, ಮರಳು ಮೆತ್ತಿದ ತುಪ್ಪಳ ಸರಿಸಿದಾಗ ಕಾಣುತ್ತದೆ. ಹರಿದ ಬಲೆಯ ತುಂಡೊಂದು ಬಾಯಿಯನ್ನೂ ಕೊರಳನ್ನೂ ಬಿಗಿದು ಮಾಂಸದೊಳಗೆ ಇಳಿದಿದೆ. ಹೊಟ್ಟೆಯಲ್ಲಿ ಒಂದು ಮೀನೂ ಇಲ್ಲ. ಸೀಲ್ ಹಸಿವಿನಿಂದ ಸತ್ತಿದೆ. ಗಂಟಕ್ಕ ಬಲೆಯ ಗಂಟನ್ನು ಬೆರಳಲ್ಲಿ ಹೊರಳಿಸಿ ನೋಡುತ್ತಾಳೆ. ಅವಳೇ ಹುಡುಗಿಯಾಗಿದ್ದಾಗ ಸಾವಿರ ಸಲ ಹಾಕಿದ ಗಂಟು. "ಒಳ್ಳೆ ಕೈ. ಜಾರಿಲ್ಲ" ಎಂದಷ್ಟೇ ಹೇಳಿ ಕತ್ತರಿ ಎತ್ತಿಕೊಳ್ಳುತ್ತಾಳೆ.

ಕರುಳಿಗೆ ಎರಡು ಗಂಟು, ನಡುವೆ ಕತ್ತರಿ. ಮತ್ತೆ ಎರಡು ಗಂಟು. ಸೀಸೆ ಮಂಜುಪೆಟ್ಟಿಗೆಯ ತಣ್ಣನೆಯ ಹೊಗೆಯೊಳಗೆ ಇಳಿಯುತ್ತದೆ. ಬದುಕಿದ ಮನೆಯ ಮೊದಲ ಸಾಕ್ಷಿ. ಡಾಕ್ಟರಮ್ಮನ ಮುಖ ಅರಳುತ್ತದೆ. ಎದುರಿಗಿರುವವಳ ಹತ್ತು ದಿನ ಮತ್ತೆ ಮೊದಲಾಯಿತೆಂದು ನೆನಪಾಗಿ ಹಾಗೆಯೇ ಇಳಿಯುತ್ತದೆ. ಅವರು ಹೊಂಡ ತೋಡುವ ಗುದ್ದಲಿಯನ್ನು ತಾವೇ ಎತ್ತಿಕೊಳ್ಳುತ್ತಾರೆ.

ಕೈ ತೊಳೆದು, ಮತ್ತೆ ತೊಳೆದು ಗಂಟಕ್ಕ ಮಗಳಿಗೆ ಫೋನ್ ಮಾಡುತ್ತಾಳೆ.

"ಹೊರಟ್ಯಾ?" ಎನ್ನುತ್ತದೆ ಆ ಕಡೆಯ ದನಿ. "ಇವತ್ತೇ ಬಿಟ್ರಾ?"

"ಒಂದು ಬಂತು ಕಣೇ."



"ಸತ್ತಿದ್ದು ಕರೆದ್ರೆ ಓಡ್ತೀಯ. ನಾನು ಕರೆದ್ರೆ ನಿನಗೆ ನಿಯಮ." ಫೋನು ಕಡಿದುಹೋಗುತ್ತದೆ.

ಗಂಟಕ್ಕ ಅಳುವುದಿಲ್ಲ. ಕೋಣೆಯ ಹೊಸ್ತಿಲಲ್ಲಿ ಕೂತು ಬೂಟಿನ ಮರಳು ಕೊಡವುತ್ತಾಳೆ. ನಿಮಗೊಂದು ಆಸೆ ಅಂತ ಇದ್ದರೆ ಹೇಳಿ ಎಂದರೆ ನಾಚಿದವಳಂತೆ ಅತ್ತ ನೋಡುತ್ತಾಳೆ. "ಮಗುವಿಗೆ ಮೊದಲನೇ ಸ್ನಾನ ನಾನು ಮಾಡಿಸಬೇಕು ಅಂತಿತ್ತು. ನಮ್ಮಮ್ಮ ನನ್ನ ಮಗಳಿಗೆ ಮಾಡಿಸಿದ್ಲು. ಇರಲಿ ಬಿಡಿ, ಹತ್ತನೇದೋ ಹನ್ನೊಂದನೇದೋ ಮಾಡಿಸ್ತೀನಿ. ನೀರೇನು ಓಡಿಹೋಗಲ್ಲ." ಬೂಟನ್ನು ಬದಿಗಿಟ್ಟು ಸೇರಿಸುತ್ತಾಳೆ: "ಮಗು ಕಮ್ಮಗಿರುತ್ತೆ. ಈ ಕೈ ಅದಕ್ಕೆ ಬೇಡ ಅಂದ್ರೂ ನಾನು ಬೇಜಾರು ಮಾಡ್ಕೊಳ್ಳಲ್ಲ."

ಬಿಸಿಲು ನೆತ್ತಿಗೇರಿದಾಗ ಕೇಂದ್ರದ ಗೇಟಿನ ಹತ್ತಿರ ತಾತನ ದನಿ ಕೇಳುತ್ತದೆ. "ನಿಧಾನಮ್ಮ, ಕಲ್ಲಿದೆ ಅಲ್ಲಿ, ನಿಧಾನ." ಗೇಟಿನ ಒಳಗೆ ನೆಲದ ಮೇಲೆ ಸುಣ್ಣದ ಗೆರೆ ಎಳೆದಿದೆ, ಹೊರಗಿನವರು ಅದನ್ನು ದಾಟುವಂತಿಲ್ಲ. ಗೆರೆಯ ಆಚೆ ಒಂದು ಕೈಯನ್ನು ಸೊಂಟಕ್ಕೆ ಆನಿಸಿಕೊಂಡು, ಏದುಸಿರು ಬಿಡುತ್ತಾ, ಗಂಟಕ್ಕನ ಮಗಳು ನಿಂತಿದ್ದಾಳೆ. ತಾತ ತನ್ನ ಕುರ್ಚಿ ತಂದಿಡುತ್ತಾನೆ. ಅವಳು ಕೂರುವುದಿಲ್ಲ. ಗಾಳಿ ಹೊಂಡದ ಕಡೆಯಿಂದ ಬೀಸುತ್ತಿದೆ. ಅವಳು ಮೂಗು ಮುಚ್ಚಿಕೊಳ್ಳುವುದಿಲ್ಲ.

ಗಂಟಕ್ಕ ಗೆರೆಯ ಈಚೆ, ಹತ್ತು ಹೆಜ್ಜೆ ದೂರದಲ್ಲೇ ನಿಲ್ಲುತ್ತಾಳೆ. ಯಾಕೆ ಬಂದೆ, ಈ ಬಿಸಿಲಲ್ಲಿ, ಈ ಹೊಟ್ಟೆ ಹೊತ್ತುಕೊಂಡು ಎಂದು ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚುತ್ತಾಳೆ.

ಮಗಳು ಕಷ್ಟಪಟ್ಟು ಬಗ್ಗಿ, ಗೆರೆಯ ಮೇಲಿನ ಚಪ್ಪಟೆ ಕಲ್ಲಿನ ಮೇಲೆ ಊಟದ ಡಬ್ಬಿ ಇಡುತ್ತಾಳೆ. ಇನ್ನೂ ಬಿಸಿಯಿದೆ, ಬಟ್ಟೆ ಸುತ್ತಿ ತಂದಿದ್ದಾಳೆ. ಮುಚ್ಚಳದ ಮೇಲೆ, ಹಿಂಡಿ ಬಿಟ್ಟ ನಿಂಬೆಯ ಎರಡು ಹೋಳು.

"ಆರಿಹೋಗುತ್ತೆ, ತಿನ್ನು" ಎಂದು ಹೇಳಿ, ಅಮ್ಮ ಮುಂದೆ ಬರಲೆಂದು ಅವಳು ಹಿಂದೆ ಸರಿದು ನಿಲ್ಲುತ್ತಾಳೆ.