ಗುರುತಿನ ಮುಖ

ಅಥವಾ ಹಾಳೆಯ ಮೇಲೆ ಗುರುತು ಹಾಕಿದ್ದು ಸೀಮೆಸುಣ್ಣದಿಂದಲೋ ಏನೋ. ಕೆಂಪು ಬಣ್ಣ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ, ಈಗ ಅದೂ ಖಾತ್ರಿಯಿಲ್ಲ. ಹಾಳೆ ಮಾತ್ರ ನಿಜ. ಕುಸನೂರ ಕಡೆಯ ನಮ್ಮ ಪ್ರಯೋಗಾಲಯದಲ್ಲಿ ಸೂರಿಗೆ ಹಾಸಲೆಂದು ನಾನೇ ತಿಂಗಳುಗಟ್ಟಲೆ ಕೂತು ಮಾಡಿದ್ದು. ಶಾಖ ಅದನ್ನು ಒಂದೇ ದಿಕ್ಕಿಗೆ ಸಲೀಸಾಗಿ ದಾಟುತ್ತದೆ. ಗುರುತಿನ ಮುಖ ಆಕಾಶಕ್ಕಿದ್ದರೆ ಕೋಣೆಯ ಸೆಕೆ ಹೊರಗೆ. ಮಗುಚಿದರೆ ಬಿಸಿಲೆಲ್ಲ ಒಳಗೆ.

ಹೆಂಡತಿ ಬಾಣಂತನಕ್ಕೆ ಕಮಲಾಪುರದ ತವರಿನಲ್ಲಿದ್ದಳು. ತಗಡಿನ ಕೋಣೆ, ಕಡು ಬೇಸಿಗೆ, ಇಪ್ಪತ್ತು ದಿನದ ಮಗಳು. ಅತ್ತೆ ವರ್ಷವೂ ತಗಡಿನ ಮೇಲೆ ಹರವುತ್ತಿದ್ದ ತೊಗರಿ ಕಟ್ಟಿಗೆಯನ್ನು, ಹಾಳೆ ಹಾಸಲೆಂದು, ನಾನೇ ತೆಗೆಸಿದೆ.

"ಅಳಿಯಂದಿರ, ನಿಮ್ಮ ಹಾಳಿಗೆ ಬುದ್ಧಿ ಅದ ಅಂತೀರಿ. ನಮ್ಮ ಕಟ್ಟಿಗಿ ಬುದ್ಧಿ ಇಲ್ಲದೇನ ನೆಳ್ಳು ಕೊಡ್ತಿತ್ತು ನೋಡ್ರಿ" ಎಂದರು ಅತ್ತೆ. ನಾನು ನಕ್ಕೆ. ಆ ನಗು ಚೆನ್ನಾಗಿ ನೆನಪಿದೆ.

ಹಾಳೆ ಹಾಸಲು ಬಂದವನು ಕಲ್ಲು ಕೂಡಿಸುವ ಮೇಸ್ತ್ರಿ. ನಮ್ಮ ಕಡೆ ನೆಲಕ್ಕಾಗಲಿ ಮಾಳಿಗೆಗಾಗಲಿ, ಹಾಸುಗಲ್ಲಿನ ನಯವಾದ ಮುಖ ಮನುಷ್ಯರ ಕಡೆಗೇ ಇರಬೇಕು. ಹಾಳೆಯಲ್ಲಿ ನಯವಾಗಿದ್ದದ್ದು ಗುರುತಿನ ಮುಖವೇ. ರೂಢಿಯಂತೆ ಹಾಸಿದರೆ ಗುರುತು ಕೆಳಗೆ. ಅವನು ಮೇಲೆ, ನಾನು ಕೆಳಗೆ ಏಣಿ ಹಿಡಿದು, ಏನೂ ಕಾಣದೆ. ಗುರುತು ಮೇಲೆ ಬರಲಿ ಎಂದು ಕೂಗಿದೆ. ಕೂಗಿದೆ ಎಂದು ನೆನಪು. ನಾನಾಗ ಫೋನಿನಲ್ಲಿದ್ದೆ ಎನ್ನುತ್ತಾಳೆ ಹೆಂಡತಿ.

ಹಾಳೆ ಹಾಸಿದ ಮೂರನೆಯ ಮಧ್ಯಾಹ್ನ ಮಗು ಹಾಲು ಬಿಟ್ಟಿತು. ಅಳಲೂ ಇಲ್ಲ. ಮೈ ಹಂಚಿನಂತೆ ಸುಡುತ್ತಿತ್ತು. ಸಿಕ್ಕ ಟೆಂಪೊ ಹತ್ತಿ ಕಲಬುರಗಿಗೆ ಹೊರಟೆವು. ಮಹಾಗಾಂವ ಬರುವಷ್ಟರಲ್ಲಿ ಹಣೆಯ ಮೇಲಿನ ಒದ್ದೆ ಬಟ್ಟೆ ಮೂರು ಸಲ ಒಣಗಿತ್ತು. ನಾನು ಮಗುವಿನ ಉಸಿರು ಎಣಿಸುತ್ತಿದ್ದೆ, ಲೆಕ್ಕ ತಪ್ಪುತ್ತಿತ್ತು, ಮತ್ತೆ ಒಂದರಿಂದ. ಹೆಂಡತಿ ಒಮ್ಮೆ ಮಾತ್ರ ಕೇಳಿದಳು: "ಏನಂತ ಹೇಳಿದ್ರಿ ಆ ಮೇಸ್ತ್ರಿಗಿ?"

ಸೆಕೆಯಿಂದಲೂ ಇರಬಹುದು, ಸೋಂಕಿನಿಂದಲೂ ಇರಬಹುದು ಎಂದರು ವೈದ್ಯರು. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿಗೆ ಗೋಣಿತಟ್ಟು ಬಡಿದಿದ್ದರು, ಮಂಚದ ಕೆಳಗೆ ಕೆಂಡವಿತ್ತು. ಅದನ್ನೂ ಹೇಳಿದೆ. ಹೇಳುವಾಗ ನನಗೆ ಆಸೆಯಾಯಿತು, ಕೆಂಡದ್ದೇ ತಪ್ಪಾಗಿರಲಿ ಎಂದು.

ಆಸ್ಪತ್ರೆಯಿಂದಲೇ ಅತ್ತೆಗೆ ಫೋನು ಮಾಡಿ ಹಾಳೆಯ ಯಾವ ಮುಖ ಮೇಲಿದೆ ನೋಡಿ ಎಂದೆ. ಅವರು ಆಗಲೇ ಅದನ್ನು ಕಿತ್ತು ಅಂಗಳಕ್ಕೆ ಎಸೆಸಿ ಕಟ್ಟಿಗೆ ಹರವಿಸಿದ್ದರು. ಮೇಸ್ತ್ರಿಯನ್ನು ಕೇಳಿದೆ.

"ನೀವು ಹೇಳ್ದಂಗ ಹಾಕೀನ್ರಿ, ಸರ್."

ಎಂಟು ದಿನಕ್ಕೆ ಮಗಳು ಮನೆಗೆ ಬಂದಳು. ಅಂದು ಏಣಿಯ ಕೆಳಗಿಂದ ನಾನು ಏನು ಹೇಳಿದ್ದೆನೋ ನನಗೆ ಗೊತ್ತಿಲ್ಲ.