ಗೋಡೆಯ ಮೇಲಿನ ದೋಣಿ

"ಅವ್ವಾ, ದಗಿ ತಾತ ಇನ್ನೂ ಸತ್ತಿಲ್ಲ ಅಲ್ವಾ? ಮತ್ತೆ ಗೋರಿ ಬಾಗ್ಲಲ್ಲಿ ಯಾಕೆ ಕೂತವ್ನೆ?"

ಐದು ವರ್ಷದ ಕೆಮಿ ಹೀಗೆ ಕೇಳಿದಾಗ ಹೆನುತ್‌ಳ ತಲೆಯ ಮೇಲೆ ರೊಟ್ಟಿ ಬುಟ್ಟಿ, ಸೊಂಟದಲ್ಲಿ ಕೂಸು, ಕೈಯಲ್ಲಿ ಬಿಯರಿನ ಗಡಿಗೆ. ಗುಡ್ಡ ಇನ್ನೂ ಅರ್ಧ ಹತ್ತಬೇಕು.

"ದೋಣಿಗೆ ಕಾಯ್ತಾವ್ನೆ ಕಣೆ, ನಡಿ."

ಬಂಡೆಗುಡ್ಡದ ಮೇಲೆ ದೋಣಿ ಹೇಗೆ ಬರುತ್ತದೆಂದು ಕೆಮಿ ಕೇಳಲಿಲ್ಲ. ದಗಿ ತಾತನ ವಿಷಯದಲ್ಲಿ ಅವಳಿಗೆ ಯಾವುದೂ ವಿಚಿತ್ರವೆನಿಸುತ್ತಿರಲಿಲ್ಲ.

ದಗಿ ಮೊಲದ ನಾಡಿನ ಅಂಬಿಗ, ದೊಡ್ಡವರಿಗೆಲ್ಲ ಮಾವ, ಮಕ್ಕಳಿಗೆ ತಾತ. ನಲವತ್ತು ವರ್ಷ ಜನರನ್ನು ಹೊಳೆ ದಾಟಿಸಿದವನು. ಕೂಲಿಗೆ ಈರುಳ್ಳಿ ಕೊಟ್ಟರೂ ಆಯಿತು, ಒಣಮೀನು ಕೊಟ್ಟರೂ ಆಯಿತು. ಆದರೆ ದಡ ಸೇರುವವರೆಗೆ ಅವನ ಬಾಯಿಗೆ ಕಿವಿ ಕೊಡಬೇಕು. ಪಕ್ಕದ ಜಿಂಕೆ ನಾಡಿನವರು ಹತ್ತಿದರೆ, "ನಟ್ಟನಡುವೆ ಕೂತ್ಕಳ್ರಪ್ಪಾ, ನಿಮ್ಮೋರ ಜಂಬಕ್ಕೆ ದೋಣಿ ವಾಲ್ತದೆ" ಅನ್ನುವನು. ನೀರಾನೆ ತಲೆಯೆತ್ತಿದರೆ ಅದರ ಅತ್ತೆಮನೆಯವರನ್ನೂ ಸೇರಿಸಿ ಬೈಯುವನು. ಕೆಮಿ ಹುಟ್ಟುವ ದಿನ ತುಂಬಿದ ಹೊಳೆಯಲ್ಲಿ ಆಚೆ ದಡದ ಸೂಲಗಿತ್ತಿಯನ್ನು ಕರೆತಂದವನೂ ಅವನೇ. ದಾರಿಯುದ್ದಕ್ಕೂ ಆ ಮುದುಕಿಯ ಜೊತೆ ಜಗಳವಾಡಿದ್ದನಂತೆ.

ಹೋದ ವರ್ಷ ನಾಡೊಡೆಯರ ಕಲ್ಲಿನ ಮೂರ್ತಿ ದಾಟಿಸಲು ಊರ ದೋಣಿಗಳನ್ನೆಲ್ಲ ಹಿಡಿದು ಒಟ್ಟಿಗೆ ಬಿಗಿದರು. ಮೂರ್ತಿ ದಡ ಸೇರಿತು, ದಗಿಯ ದೋಣಿ ತಳ ಸೇರಿತು. ಅಂದಿನಿಂದ ಅವನಿಗೆ ಗೋರಿ ಕೆಲಸದವರಿಗೆ ನೀರು ಹೊರುವ ಪಾಡು.

ಗುಡ್ಡದ ಬಂಡೆ ಕೊರೆದು ಮಾಡುತ್ತಿದ್ದ ಆ ಗೋರಿ ಒಡೆಯರದೇ. ಒಡೆಯರು ಗಟ್ಟಿಮುಟ್ಟಾಗಿಯೇ ಇದ್ದರು, ಮುಂದಿನ ಏರ್ಪಾಡು ನಡೆದಿತ್ತು ಅಷ್ಟೆ. ಗೋಡೆಗೆ ಅಕ್ಷರ ಬರೆಯುವವನು ಹೆನುತ್‌ಳ ಗಂಡ ಹೆಪು. ಮೊನ್ನೆ ಊಟ ತಂದ ಹೆಂಡತಿಯ ಮುಂದೆ, ಒಡೆಯರೇ ಹೇಳಿದಂತೆ ಗೋಡೆಗೆ ಬರೆದದ್ದನ್ನು ಹೆಮ್ಮೆಯಿಂದ ಓದಿದ: "ಹಸಿದವನಿಗೆ ರೊಟ್ಟಿ ಕೊಟ್ಟೆ. ಬೆತ್ತಲಿದ್ದವನಿಗೆ ಬಟ್ಟೆ ಕೊಟ್ಟೆ. ದೋಣಿ ಇಲ್ಲದವನಿಗೆ ದೋಣಿ ಕೊಟ್ಟೆ. ಯಾರಿಗೂ ಏಟು ಹಾಕಿಸಲಿಲ್ಲ."

ಮೂಲೆಯಲ್ಲಿ ನೀರಿನ ಕೊಡ ಇಳಿಸುತ್ತಿದ್ದ ದಗಿ ತಿರುಗಿದ. "ಆ ಮೂರನೇದು ಇನ್ನೊಂದು ಸಲ ಓದು ಮಗಾ."

ಹೆಪು ಓದಿದ.

"ಯಾರಿಗೆ ಕೊಟ್ರಂತೆ?"

"ಅಯ್ಯೋ ಮಾವ, ಅದು ಎಲ್ಲಾ ಒಡೆಯರೂ ಬರೆಸೋ ಸಾಲು. ಇವರಪ್ಪನ ಗೋರೀಲೂ ಐತೆ, ತಾತನ ಗೋರೀಲೂ ಐತೆ."

"ಇರ್ಲಿ. ಈ ನಾಡಲ್ಲಿ ದೋಣಿ ಇಲ್ಲದ ಅಂಬಿಗ ನಾನೊಬ್ಬನೇ. ಅಂದ್ಮೇಲೆ ಆ ದೋಣಿ ನಂದೇ." ಹಾಗೆಂದವನು ಬಾಗಿಲಿಗೆ ಅಡ್ಡ ಕೂತ. ಏಳಲಿಲ್ಲ.

ಮೇಸ್ತ್ರಿ ಕೋಲು ಹಿಡಿದು ಬಂದ. "ಏಳ್ತೀಯೋ, ಏಟು ಬೀಳ್ಬೇಕೋ ಬೆನ್ನ ಮೇಲೆ?"

"ಹೊಡಿಯಪ್ಪಾ, ಚೆನ್ನಾಗಿ ಹೊಡಿ. ಆಮೇಲೆ ಆ ಏಟಿನ ಸಾಲನ್ನೂ ನೀನೇ ಕೆರೆದು ಹಾಕು."

ಮೇಸ್ತ್ರಿ ಗೋಡೆ ನೋಡಿದ, ಕೋಲು ನೋಡಿದ, ಕೊನೆಗೆ ಕೋಲಿನಿಂದ ತನ್ನ ಬೆನ್ನನ್ನೇ ತುರಿಸಿಕೊಂಡು ಹೊರಟುಹೋದ.

ಎರಡು ದಿನ ದಗಿಯ ಹೊಟ್ಟೆ ನೋಡಿಕೊಂಡವಳು ಹೆನುತ್. ಬಯ್ಯುತ್ತಲೇ ಎರಡು ರೊಟ್ಟಿ ಹೆಚ್ಚು ತಟ್ಟಿದಳು. "ಹಸಿದವನಿಗೆ ರೊಟ್ಟಿ ಅಂತ ಗೋಡೆ ಮೇಲೆ ಒಡೆಯರ ಹೆಸರು. ಹಿಟ್ಟು ಬೀಸೋಳು ಮಾತ್ರ ನಾನು."

"ನೀನು ಸುಮ್ನೆ ಬೀಸು ಮಗಳೇ" ಅಂದ ದಗಿ ಅಗಿಯುತ್ತ. "ದೋಣಿ ಬಂದ ದಿನ ನಿನ್ನ ಮಕ್ಕಳಿಗೆ ಹೊಳೆಯಲ್ಲಿ ಒಂದು ಸುತ್ತು."

ಇವತ್ತು ಒಡೆಯರು ಗೋರಿ ನೋಡಲು ಬರುವ ದಿನ. ಹೆನುತ್ ಮೇಲೆ ಮುಟ್ಟುವಷ್ಟರಲ್ಲಿ ಪಲ್ಲಕ್ಕಿ ಇಳಿದಿತ್ತು. ದಗಿ ಒದರಾಡಿ ಕೆಲಸ ಕೆಡಿಸಿಕೊಳ್ಳುತ್ತಾನೆಂದು ಅವಳು ಎದೆ ಹಿಡಿದುಕೊಂಡು ನಿಂತಳು. ಆದರೆ ಅವನು ಒಡೆಯರ ಕಾಲ ಮುಂದೆ ಉದ್ದಕ್ಕೆ ಬಿದ್ದು ನೆಲಕ್ಕೆ ಮೂಗು ಹಚ್ಚಿದ. "ದೊಡ್ಡ ಉಪಕಾರ ಆಯ್ತು ಒಡೆಯಾ! ನನಗೆ ದೋಣಿ ಕೊಟ್ರಲ್ಲ!"

"ಯಾವ ದೋಣಿ?"

"ಗೋಡೆ ಮೇಲೆ ಬರೆಸಿದೀರಲ್ಲ, ಅದು. ಮುಂದೆ ಸತ್ತೋರ ಲೋಕದಲ್ಲಿ ದೇವ್ರು ನಿಮ್ಮ ಗುಂಡಿಗೇನ ತಕ್ಕಡೀಗೆ ಹಾಕಿ ಪಾಪ-ಪುಣ್ಯ ತೂಗೋವಾಗ, ಕೊಟ್ಟಿದ್ದು ಹೌದಾ ಅಂತ ನನ್ನನ್ನೇ ಕೇಳ್ತಾರೆ. ಹೌದು ಅಂತೀನಿ. ಎಲ್ಲಿ ಕಟ್ಟಿ ಹಾಕಿದೀರಾ ಹೇಳಿದ್ರೆ ಈಗ್ಲೇ ಬಿಚ್ಕೊಂಡು ಹೋಯ್ತೀನಿ."

ಒಡೆಯರು ಗೋಡೆಯ ಮೂರನೇ ಸಾಲಿಗೆ ಬೆರಳಿಟ್ಟು ಓದಿಕೊಂಡರು. ಬಿಸಿಲಿಗೋ ತಕ್ಕಡಿಯ ಮಾತಿಗೋ, ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಕೊನೆಗೆ ಮೇಸ್ತ್ರಿಯತ್ತ ತಿರುಗಿ, "ನನ್ನ ಬಾತುಬೇಟೆ ದೋಣಿ ಇವನಿಗೆ ಕೊಟ್ಟುಬಿಡಿ. ಬಾಗಿಲು ಬಿಡಿಸಿ ಮೊದಲು" ಅಂದರು.

ಸಂಜೆ ಹೆನುತ್ ಹೊಳೆದಡದಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಹಸಿರು ಬಣ್ಣದ ದೋಣಿಯೊಂದು ಗಿರಗಿರನೆ ಸುತ್ತುತ್ತ ಬಂತು. ಮೂತಿಗೆ ನಾಡಿನ ಗುರುತಾದ ಮರದ ಮೊಲದ ತಲೆ, ತುಂಬ ಬಾತುಕೋಳಿಯ ಪುಕ್ಕ. ಒಳಗೆ ಕೂತ ದಗಿ ಖರ್ಜೂರದ ಮಟ್ಟೆಯಿಂದ ನೀರು ಬಡಿಯುತ್ತಿದ್ದ. ಕೆಮಿ ಕುಣಿದು ಕೂಗಿದಳು.

"ದೋಣಿ ಬಂತಲ್ಲ ಮಾವ, ಇನ್ನೇನು?" ಅಂದಳು ಹೆನುತ್.

"ಬಂತು. ಹುಟ್ಟುಗೋಲು ಮಾತ್ರ ಆ ಮೇಸ್ತ್ರಿ ಇಟ್ಕೊಂಡ. ಒಡೆಯರು ದೋಣಿ ಅಂದ್ರು, ಹುಟ್ಟುಗೋಲು ಅನ್ನಲಿಲ್ಲ ಅಂತಾನೆ." ದಗಿ ಮೊಲದ ತಲೆ ಹಿಡಿದು ದೋಣಿ ನಿಲ್ಲಿಸಿ, ದನಿ ತಗ್ಗಿಸಿದ. "ಮಗಳೇ, ಒಂದು ಉಪಕಾರ ಮಾಡು. ಗೋಡೇಲಿ ಇನ್ನೂ ಜಾಗ ಐತಂತೆ. ನಿನ್ನ ಗಂಡಂಗೆ ಹೇಳಿ ಇನ್ನೊಂದು ಸಾಲು ಬರೆಸವ್ವಾ: ಹುಟ್ಟುಗೋಲು ಇಲ್ಲದವನಿಗೆ ಹುಟ್ಟುಗೋಲು ಕೊಟ್ಟೆ, ಅಂತ."