ಮಾವನ ಫೋನಿಗೆ ಬಂದ ಐದನೇ ತಿಂಗಳು

ಬಾಗಲೂರಿನ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಮುನಿಯಲ್ಲಮ್ಮ ಓದಿದ್ದು ಏಳನೇ ತರಗತಿ. ಆದರೆ ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಅವರಿಗೆ ಬಾಯಿಪಾಠ.

2017ರಲ್ಲಿ ನಾನು ಬಸುರಿ. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಹತ್ತು ದಾಟದಿದ್ದರೆ ಹೆರಿಗೆ ಹೊತ್ತಿಗೆ ಕಷ್ಟ ಎಂದು ಡಾಕ್ಟರು ಹೇಳಿದಂದಿನಿಂದ ದಿನಕ್ಕೆ ಇಪ್ಪತ್ತು ಸಲ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅತ್ತೆ ರಾಮಲಕ್ಷ್ಮಮ್ಮನವರೋ, ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆಂದು ಅಷ್ಟನ್ನೂ ಅಟ್ಟಕ್ಕೆ ಎಸೆದಿದ್ದರು. ಆರ್.ಟಿ. ನಗರದ ಕಾನ್ವೆಂಟಿನಲ್ಲಿ ಓದಿದ ನನಗೆ ಎದುರಾಡಲೂ ಭಯ, ಅಟ್ಟ ಹತ್ತಲೂ ಭಯ.

ಆಗ ಬಸುರಿಯರಿಗೆ ವಾರಕ್ಕೊಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿದ ಸಲಹೆ ಬರುತ್ತಿತ್ತು. ಮುನಿಯಲ್ಲಮ್ಮ ನನ್ನ ಅರ್ಜಿಯಲ್ಲಿ ಮಾವ ಬ್ಯಾಟರಾಯಪ್ಪನವರ ನಂಬರು ಬರೆದರು.

"ಅಕ್ಕಾ, ನಂಬರು ತಪ್ಪಾಯ್ತು! ಅದು ಮಾವಂದು!"

"ಗೊತ್ತು, ಸುಮ್ನಿರವ್ವ. ನಿಂಗ್ ಏಳಿದ್ರೆ ನಿಂಗೊಬ್ಳಿಗೇ ಗೊತ್ತಾಯ್ತದೆ."

ಮಾವನಿಗೆ ಕಿವಿ ಮಂದ, ಫೋನು ಸದಾ ಸ್ಪೀಕರಿನಲ್ಲಿ. ಮೊದಲ ಕರೆ ಬಂದದ್ದು ಟೀ ಅಂಗಡಿಯಲ್ಲಿ, ಹತ್ತು ಜನರ ನಡುವೆ.

"ನಮಸ್ಕಾರ. ನಿಮಗೀಗ ಐದನೇ ತಿಂಗಳು. ದಿನಾ ಕಬ್ಬಿಣದ ಮಾತ್ರೆ ನುಂಗಿ. ಸೊಪ್ಪು, ಮೊಟ್ಟೆ ತಿನ್ನಿ. ಭಾರ ಎತ್ತಬೇಡಿ."

ಗೆಳೆಯ ಆಂಜಿನಪ್ಪ ಎದ್ದು ಟವೆಲಿನಿಂದ ಬೆಂಚು ಒರೆಸಿದರಂತೆ. "ಕುಂತ್ಕೊ ಬ್ಯಾಟ್ರಾಯಣ್ಣ. ಐದು ತಿಂಗ್ಳಾಗೈತೆ, ಒಂದ್ ಮಾತು ಏಳ್ಬಾರ್ದಾ?"

ಮಾವ ಉರಿದುಕೊಂಡು ಬಂದು ಮುನಿಯಲ್ಲಮ್ಮನನ್ನು ಕರೆಸಿದರು. "ಮೊದ್ಲು ಆ ನಂಬರ್ ತೆಗ್ಸು. ಮಾನ ಓಯ್ತು."

"ತೆಗುಸ್ಬೋದು ಯಜಮಾನ್ರೆ. ಆದ್ರೆ ಸೊಸೆ ರಕ್ತ ಹತ್ತು ದಾಟೋಗಂಟ ಆಗಾಕಿಲ್ಲ. ರೂಲ್ಸೇ ಅಂಗೆ."

ಅಂಥ ರೂಲ್ಸು ಎಲ್ಲಿಯೂ ಇರಲಿಲ್ಲ.

ಅಂದು ಸಂಜೆಯೇ ಮಾವ ಏಣಿ ಹಾಕಿ ಮಾತ್ರೆ ಇಳಿಸಿದರು. ದಿನಾ ಊಟವಾದ ಮೇಲೆ ಎದುರು ನಿಂತು "ನುಂಗವ್ವ, ಎಲ್ಲಿ ಬಾಯ್ ತೆಗಿ" ಎನ್ನುವರು. ಅತ್ತೆ ಗೊಣಗಿದರೆ ಒಂದೇ ಮಾತು: "ನಾಳೆಯಿಂದ ಟೀ ಅಂಗ್ಡೀಗೆ ನೀನ್ ಓಗ್ತೀಯಾ?"

ಎಂಟನೇ ತಿಂಗಳಲ್ಲಿ ಪರೀಕ್ಷೆ ಮಾಡಿಸಿದೆವು. ಹತ್ತೂವರೆ! ಆ ಚೀಟಿಯನ್ನು ಮೂರು ಸಲ ಓದಿ ಅತ್ತುಬಿಟ್ಟೆ.

ಮುನಿಯಲ್ಲಮ್ಮ ಮಾತಿಗೆ ತಪ್ಪಲಿಲ್ಲ. "ಕೊಡಿ ಯಜಮಾನ್ರೆ, ನಂಬರ್ ತೆಗುಸ್ಬಿಡ್ತೀನಿ."

ಮಾವ ಫೋನನ್ನು ಮೆಲ್ಲನೆ ಜೇಬಿಗಿಳಿಸಿದರು. "ಈಗ್ಲೇ ಬ್ಯಾಡ. ಒಂಬತ್ರಾಗೆ ಏನ್ ಮಾಡ್ಬೇಕಂತೋ... ಆಂಜಿನಪ್ಪನೂ ಕೇಳ್ತಾವ್ನೆ, ಅವನ್ ಸೊಸೆಗೂ ಮೂರು ತುಂಬೈತೆ."

ಮುನಿಯಲ್ಲಮ್ಮ ಚೀಲದಿಂದ ಹೊಸ ಅರ್ಜಿ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು.

"ಎಲ್ಲಿ, ಆಂಜಿನಪ್ಪಣ್ಣನ ನಂಬರ್ ಏಳಿ."